ಶಿಯಾನ್‌ನಲ್ಲಿ ಐದು ದಿನ: ಚಿನ್, ಹಾನ್, ತಾಂಗ್ ದೊರೆಗಳ ಜಾಡಿನಲ್ಲಿ

ಚೀನಾದ ಶಿಯಾನ್ ನಗರಕ್ಕೆ ಹೋದವರಲ್ಲಿ ಹೆಚ್ಚಿನವರು ಹಗಲು ಮಣ್ಣಿನ ಸೈನಿಕರನ್ನು (ಚೀನಾದ ಮೊದಲ ಸಾಮ್ರಾಟನ ಸಮಾಧಿಯ ಕಾವಲಿಗೆ ಹೂತಿಟ್ಟ ಬೊಂಬೆಗಳನ್ನು) ನೋಡುತ್ತಾರೆ, ಸಂಜೆ ಕೋಟೆಗೋಡೆಯ ಮೇಲೆ ಅಡ್ಡಾಡುತ್ತಾರೆ, ಮರುದಿನ ಬೀಜಿಂಗ್ ರೈಲು ಹತ್ತುತ್ತಾರೆ. ಸೈನಿಕರು ಕ್ರಿ.ಪೂ. 3ನೇ ಶತಮಾನದವರು, ಗೋಡೆ ಕ್ರಿ.ಶ. 14ನೇ ಶತಮಾನದ್ದು. ನಡುವಿನ ಸುಮಾರು 1,600 ವರ್ಷ ಕಣ್ಣಿಗೇ ಬೀಳುವುದಿಲ್ಲ. ಆ ವರ್ಷಗಳೇ ಈ ಊರಿನ ನಿಜವಾದ ಬಂಡವಾಳ. ವೇಯ್ ನದಿಯ ಎರಡೂ ದಂಡೆಗಳಲ್ಲಿ, ಬಯಲಿನಲ್ಲೂ ಉತ್ತರದ ಬೆಟ್ಟಸಾಲಿನಲ್ಲೂ, ಪಶ್ಚಿಮ ಹಾನ್ ವಂಶದ 11 ಮತ್ತು ತಾಂಗ್ ವಂಶದ 18 ಸಾಮ್ರಾಟ ಸಮಾಧಿಗಳಿವೆ.

ಇವನ್ನು ದೂರ ಲೆಕ್ಕ ಹಾಕಿ ನೋಡಬಾರದು, ಕಾಲಕ್ರಮದಲ್ಲಿ ನೋಡಬೇಕು. ಚಿನ್, ಹಾನ್ ಕಾಲದ ದೊರೆಯ ಸಮಾಧಿ ಅವನು ಸತ್ತ ಮೇಲೆ ಮಕ್ಕಳು ಕಟ್ಟಿಸಿದ್ದಲ್ಲ. ಪಟ್ಟಕ್ಕೆ ಬಂದ ಸ್ವಲ್ಪ ಕಾಲಕ್ಕೇ ಅವನೇ ಕೆಲಸ ಶುರು ಮಾಡಿಸುತ್ತಿದ್ದ. ಹಾಗಾಗಿ ರಾಜ್ಯವೆಂದರೆ ಏನು ಎಂದು ಪ್ರತಿ ವಂಶ ತಿಳಿದುಕೊಂಡಿತ್ತೋ ಅದು ಅಲ್ಲಿನ ಮಣ್ಣಿನಲ್ಲೇ ಕಾಣುತ್ತದೆ. ಒಂದರ ನಂತರ ಒಂದು ನೋಡುತ್ತ ಹೋದರೆ ಈ ತಿಳಿವಳಿಕೆ ಹೇಗೆ ಬದಲಾಯಿತು ಎನ್ನುವುದು ತಾನಾಗಿ ತಿಳಿಯುತ್ತದೆ.

ಹೊರಡುವ ಮೊದಲು ಮೂರು ಎಚ್ಚರಿಕೆ. ಶಿಯಾನ್ ಇರುವ ಪ್ರಾಂತ್ಯದ ಹೆಸರೂ ಅದರ ಪೂರ್ವಕ್ಕಿರುವ ಪ್ರಾಂತ್ಯದ ಹೆಸರೂ ನಮ್ಮ ಕಿವಿಗೆ ಒಂದೇ, ‘ಶಾನ್‌ಶಿ’. ಸ್ವರದ ಏರಿಳಿತ ಮಾತ್ರ ಬೇರೆ. ಆದ್ದರಿಂದ ಟಿಕೆಟ್ ಮಾಡುವಾಗ ಪ್ರಾಂತ್ಯದ ಹೆಸರಿನ ಮೇಲೆ ಹೋಗದೆ ಊರಿನ ಹೆಸರು ನೋಡಿ. ಪ್ರವೇಶಗಳೆಲ್ಲ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತವೆ. ಬುಕ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಗೇಟಿನಲ್ಲಿ ನಿಲ್ಲಿಸುತ್ತಾರೆ, ಮೂಲ ಪಾಸ್‌ಪೋರ್ಟ್ ದಿನವೂ ಜೇಬಿನಲ್ಲಿರಲಿ. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆ, ಆಗಂತೂ ಬೇಡವೇ ಬೇಡ.

ಮೊದಲ ದಿನ: ಹುಲಿ ಮತ್ತು ಹೆಸರುಗಳು

ಶುರು ಪ್ರಾಂತೀಯ ಇತಿಹಾಸ ಮ್ಯೂಸಿಯಂನಿಂದ. ಸಾಮಾನ್ಯ ಪ್ರವೇಶ ಉಚಿತ, ಆದರೆ ಮುಂಗಡ ಕಾಯ್ದಿರಿಸಲೇಬೇಕು, ಬಿಟ್ಟ ಕೂಡಲೇ ಖಾಲಿಯಾಗುತ್ತವೆ. ಸೋಮವಾರ ರಜೆ. 2024ರಿಂದ ಊರ ಹೊರಗೆ ಇದರ ಚಿನ್-ಹಾನ್ ಶಾಖೆಯೂ ತೆರೆದಿದೆ. ಯಾವ ಕಟ್ಟಡಕ್ಕೆ ಬುಕ್ ಮಾಡುತ್ತಿದ್ದೀರಿ ಎಂದು ಎರಡು ಸಲ ನೋಡಿಕೊಳ್ಳಿ. ಹೆಸರುವಾಸಿ ವಸ್ತುಗಳು ಜಾಗ ಬದಲಿಸುತ್ತಿರುತ್ತವೆ, ನೋಡಬೇಕೆಂದಿರುವುದು ಎಲ್ಲಿದೆ ಎಂದು ಮೊದಲೇ ವಿಚಾರಿಸಿ.

ಇಲ್ಲಿನ ಸಾವಿರಾರು ವಸ್ತುಗಳಲ್ಲಿ ಒಂದರ ಮುಂದೆ ಮಾತ್ರ ಹದಿನೈದು ನಿಮಿಷ ನಿಲ್ಲಿ ಎಂದರೆ, ಅದು ದು ಎಂಬ ಜಿಲ್ಲೆಯ ಕಂಚಿನ ಹುಲಿ. ಉದ್ದ 9.5 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ಇರುವುದು ಹುಲಿಯ ಎಡ ಅರ್ಧ ಮಾತ್ರ. ಮೈಮೇಲೆ ಒಂಬತ್ತು ಸಾಲುಗಳಲ್ಲಿ 40 ಅಕ್ಷರಗಳು, ಚಿನ್ನ ತುಂಬಿದವು. ಅದರ ಸಾರ ಇಷ್ಟು: ಬಲ ಅರ್ಧ ದೊರೆಯ ಬಳಿ, ಎಡ ಅರ್ಧ ದು ಜಿಲ್ಲೆಯಲ್ಲಿ, 50 ಅಥವಾ ಅದಕ್ಕಿಂತ ಹೆಚ್ಚು ಕವಚಧಾರಿಗಳನ್ನು ಹೊರಡಿಸಬೇಕಾದರೆ ಎರಡೂ ಅರ್ಧ ಕೂಡಲೇಬೇಕು, ಅಪಾಯದ ಬೆಂಕಿ ಹೊತ್ತಿದ್ದರೆ ಮಾತ್ರ ಕೂಡಿಸದೆಯೂ ಹೊರಡಬಹುದು. ಚಿನ್ ಆಗಿನ್ನೂ ಏಳು ರಾಜ್ಯಗಳಲ್ಲಿ ಒಂದಷ್ಟೇ. ಆದರೂ ಐವತ್ತು ಮಂದಿಯ ಚಲನೆಯನ್ನು ಕೂಡ ರಾಜಧಾನಿಯಿಂದ ಹಿಡಿದಿಟ್ಟಿತ್ತು. ತುರ್ತು ಪ್ರಸಂಗಕ್ಕೆ ವಿನಾಯಿತಿ ಬರೆದಿಡುವಷ್ಟು ಲೆಕ್ಕಾಚಾರವೂ ಇತ್ತು. ಈ ರಾಜ್ಯವೇ ಮಿಕ್ಕ ಆರನ್ನು ಏಕೆ ನುಂಗಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ಫಲಕಗಳನ್ನು ಓದುವಾಗ ಹೆಸರುಗಳ ಗೋಜಲು ಇಲ್ಲಿಯೇ ಬಿಡಿಸಿಕೊಳ್ಳಬೇಕು. ಒಬ್ಬ ಸಾಮ್ರಾಟನಿಗೆ ನಾಲ್ಕು ಬಗೆಯ ಹೆಸರು: ಹುಟ್ಟು ಹೆಸರು, ಸತ್ತ ಮೇಲೆ ಗುಣ ನೋಡಿ ಕೊಟ್ಟ ಹೆಸರು, ವಂಶದ ದೇಗುಲದಲ್ಲಿ ಪೂಜೆಗೊಳ್ಳುವ ಹೆಸರು, ಆಳ್ವಿಕೆಯ ಶಕೆಯ ಹೆಸರು. ಹಾನ್ ದೊರೆಗಳನ್ನು ಗುಣದ ಹೆಸರಿನಿಂದ ಕರೆಯುವುದು ವಾಡಿಕೆ (ವೆನ್, ಜಿಂಗ್, ವೂ). ತಾಂಗ್ ದೊರೆಗಳನ್ನು ದೇಗುಲದ ಹೆಸರಿನಿಂದ ಕರೆಯುತ್ತಾರೆ (ತಾಯ್‌ಜೋಂಗ್, ಗಾವ್‌ಜೋಂಗ್), ಮಿಂಗ್ ಮತ್ತು ಚಿಂಗ್ ದೊರೆಗಳನ್ನು ಶಕೆಯ ಹೆಸರಿನಿಂದ. ಒಂದೇ ಹೆಸರು ಬೇರೆ ಬೇರೆ ವಂಶಗಳಲ್ಲಿ ಮರುಕಳಿಸುತ್ತದೆ. ಗಾವ್‌ಜೋಂಗ್ ತಾಂಗ್ ವಂಶದಲ್ಲೂ ಇದ್ದಾನೆ, ಸೋಂಗ್ ವಂಶದಲ್ಲೂ ಇದ್ದಾನೆ. 18ನೇ ಶತಮಾನದ ಚಿಯನ್‌ಲೋಂಗ್ ದೊರೆಯ ದೇಗುಲದ ಹೆಸರೂ ಗಾವ್‌ಜೋಂಗ್ ಎಂದೇ. ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ವಂಶದ ಹೆಸರನ್ನು ಜೊತೆಗೇ ಬರೆಯಿರಿ. ಮೊದಲ ಸಾಮ್ರಾಟ ವಂಶ ಚಿನ್, ಕೊನೆಯದು ಚಿಂಗ್. ನಡುವೆ ಎರಡು ಸಾವಿರ ವರ್ಷಗಳ ಅಂತರ, ಕನ್ನಡದಲ್ಲಿ ಒಂದು ಸೊನ್ನೆಯ ಅಂತರ.

ಊಟದ ವಿಷಯ ಎರಡೇ ಮಾತು. ಸಸ್ಯಾಹಾರಿಗಳು ‘ವೋ ಚ್ಶ್ರ್ ಸು’ ಎನ್ನುವ ಮಾತನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ, ನಮ್ಮ ಉಚ್ಚಾರಣೆ ಅವರಿಗೆ ಹತ್ತುವುದಿಲ್ಲ. ಲ್ಯಾಂಗ್‌ಪಿ ಎಂಬ ತಣ್ಣನೆಯ ಅಕ್ಕಿ ಶಾವಿಗೆ, ಖಾರದೆಣ್ಣೆ ಮತ್ತು ವಿನೆಗರ್ ಹಾಕಿದ್ದು, ಎಲ್ಲೆಡೆ ಸಿಗುತ್ತದೆ, ನಮ್ಮ ನಾಲಿಗೆಗೂ ಹಿಡಿಸುತ್ತದೆ.

ಎರಡನೆಯ ದಿನ: ಚಿನ್

ಮಣ್ಣಿನ ಸೈನಿಕರಿರುವ ಲಿಂಟೊಂಗ್, ಶಿಯಾನ್ ನಗರದಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್. ಮೆಟ್ರೋ 9ನೇ ಮಾರ್ಗದಲ್ಲಿ ಹುವಾಚಿಂಗ್‌ಚಿ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬೇಕು. ರೈಲು ನಿಲ್ದಾಣದ ಮುಂದೆ ‘ಮಣ್ಣಿನ ಸೈನ್ಯ’ ಎಂದು ಕೂಗಿ ಕರೆಯುವ ಖಾಸಗಿ ಗಾಡಿಗಳನ್ನು ಹತ್ತಬೇಡಿ. ದಾರಿಯಲ್ಲಿ ನಕಲು ಪ್ರದರ್ಶನ, ಗೊಂಬೆ ಅಂಗಡಿ ಎಂದು ನಿಲ್ಲಿಸಿ ಅರ್ಧ ದಿನ ತಿಂದುಹಾಕುತ್ತವೆ. ಟಿಕೆಟ್ 120 ಯುವಾನ್. ಅದರಲ್ಲೇ ಎರಡು ಜಾಗ ಸೇರಿದೆ: ಸೈನಿಕರ ಗುಂಡಿಗಳು, ಮತ್ತು ಸಮಾಧಿ ದಿಬ್ಬವಿರುವ ಲಿಶಾನ್ ಉದ್ಯಾನ. ಎರಡನೆಯದನ್ನು ಬಿಟ್ಟು ಬರುವವರೇ ಹೆಚ್ಚು, ಅದು ದೊಡ್ಡ ತಪ್ಪು.

ಯಿಂಗ್ ಜೆಂಗ್ ಚಿನ್ ರಾಜ್ಯದ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 246ರಲ್ಲಿ, ಹದಿಮೂರನೆಯ ವಯಸ್ಸಿಗೆ. ಕ್ರಿ.ಪೂ. 230ರಿಂದ 221ರೊಳಗೆ ಹಾನ್, ಝಾವ್, ವೇಯ್, ಚು, ಯನ್, ಚೀ ಎಂಬ ಆರು ರಾಜ್ಯಗಳನ್ನು ಗೆದ್ದ (ಈ ಹಾನ್ ರಾಜ್ಯ ಬೇರೆ, ಮುಂದೆ ಬರುವ ಹಾನ್ ವಂಶ ಬೇರೆ). ‘ರಾಜ’ ಎಂಬ ಹಳೆಯ ಪದವಿ ಸಾಲದೆಂದು ‘ಹುವಾಂಗ್‌ದಿ’ ಎಂಬ ಹೊಸ ಪದವಿ ಕಟ್ಟಿಸಿಕೊಂಡ. ಅದರ ಮುಂದೆ ‘ಶಿ’ ಸೇರಿಸಿ ಶಿ ಹುವಾಂಗ್‌ದಿ ಎನಿಸಿಕೊಂಡ. ‘ಶಿ’ ಎಂದರೆ ಮೊದಲನೆಯವನು. ತನ್ನ ನಂತರದವರು ಎರಡನೆಯವನು, ಮೂರನೆಯವನು ಎಂದು ಹತ್ತು ಸಾವಿರದವರೆಗೆ ಎಣಿಸಿಕೊಂಡು ಹೋಗಲಿ ಎಂಬ ಆಸೆ. ಎಣಿಕೆ ಎರಡನೆಯವನನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ.

ಗುಂಡಿಗಳನ್ನು 3, 2, 1 ಎಂದು ಹಿಂದಿನಿಂದ ನೋಡಿ. ಮೂರನೆಯದು 520 ಚದರ ಮೀಟರಿನ ಚಿಕ್ಕ ಜಾಗ, ಸೈನ್ಯದ ಆಜ್ಞಾಕೇಂದ್ರ. ಎರಡನೆಯದರ ಬಹುಭಾಗ ಇನ್ನೂ ಅಗೆದಿಲ್ಲ, ಕುಸಿದ ಮರದ ಛಾವಣಿಯ ಅಚ್ಚು ಮಣ್ಣಿನ ಮೇಲೆ ಅಲೆಅಲೆಯಾಗಿ ಕಾಣುತ್ತದೆ. ಈ ಗುಂಡಿಯಲ್ಲಿ ಸಿಕ್ಕ ಮಂಡಿಯೂರಿದ ಬಿಲ್ಲುಗಾರನೊಬ್ಬನನ್ನು ಗಾಜಿನೊಳಗೆ ಇಟ್ಟಿದ್ದಾರೆ. ಎಲ್ಲರೂ ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಹಿಂದಕ್ಕೆ ಬಂದು ಬಗ್ಗಿ ಅವನ ಬಲಪಾದದ ಅಡಿ ನೋಡಿ. ಪಾದರಕ್ಷೆಯ ಅಟ್ಟೆಯ ಹೊಲಿಗೆಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಬೆರಳು ಮತ್ತು ಹಿಮ್ಮಡಿಯ ಕಡೆ ಒತ್ತೊತ್ತಾಗಿ, ನಡುವೆ ವಿರಳವಾಗಿ. ಸವೆಯುವುದು ಎಲ್ಲಿಯೋ ಅಲ್ಲಿ ಹೊಲಿಗೆ ಹೆಚ್ಚು. ಯಾರೂ ನೋಡದೆ ಮಣ್ಣಿನಲ್ಲಿ ಮುಚ್ಚಿಹೋಗಲಿದ್ದ ಅಂಗಾಲಿಗೆ ಇಷ್ಟು ಕೆಲಸ.

ಒಂದನೆಯ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ, ಸುಮಾರು 5 ಮೀಟರ್ ಆಳ. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು ಇದರ ಮೂಲೆ. ದಮ್ಮಸು ಹಾಕಿದ ಮಣ್ಣಿನ ದಪ್ಪ ಗೋಡೆಗಳು, ಅವುಗಳ ನಡುವೆ ಓಣಿಗಳು, ನೆಲಕ್ಕೆ ಇಟ್ಟಿಗೆ, ಮೇಲೆ ಮರದ ತೊಲೆ, ತೊಲೆಗಳ ಮೇಲೆ ಚಾಪೆ, ಅದರ ಮೇಲೆ ಮಣ್ಣು: ಕಟ್ಟಿದ ಕ್ರಮ ಹೀಗೆ. ತೊಲೆಗಳು ಸುಟ್ಟು ಕುಸಿದಾಗ ಕೆಳಗಿದ್ದ ಸೈನಿಕರೆಲ್ಲ ನುಚ್ಚುನೂರಾದರು. ಇಂದು ಸಾಲಾಗಿ ನಿಂತಿರುವ ಒಬ್ಬೊಬ್ಬನನ್ನೂ ಚೂರುಗಳಿಂದ ಮತ್ತೆ ಜೋಡಿಸಿದ್ದಾರೆ. ಮುಂಭಾಗದ ನೂಕುನುಗ್ಗಲಿನಲ್ಲಿ ಫೋಟೋ ತೆಗೆದು ಹಿಂದಿರುಗಬೇಡಿ, ಹಿಂಬದಿಗೆ ಹೋಗಿ. ತಲೆಯಿಲ್ಲದವರು, ಎದೆಗೆ ಪಟ್ಟಿ ಬಿಗಿದವರು, ನಂಬರ್ ಚೀಟಿ ಅಂಟಿಸಿದ ಕೈಕಾಲುಗಳು ಅಲ್ಲಿವೆ. ಕಾಲುಗಳು ಗಟ್ಟಿ ಮಣ್ಣು, ಎದೆ ಹೊಟ್ಟೆ ಪೊಳ್ಳು ಎಂಬುದು ಅಲ್ಲಿ ಸ್ಪಷ್ಟ. ಭಾರ ಕೆಳಗಿರುವುದರಿಂದಲೇ ಅಷ್ಟೆತ್ತರದ ಬೊಂಬೆಗಳು ನಿಲ್ಲುತ್ತವೆ.

ಬಣ್ಣ ಏಕಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬಣ್ಣವಿತ್ತು. ಸುಟ್ಟ ಮಣ್ಣಿನ ಮೇಲೆ ಮೊದಲು ಮರದ ಅರಗು, ಅದರ ಮೇಲೆ ಬಣ್ಣ. ಎರಡು ಸಾವಿರ ವರ್ಷ ತೇವದಲ್ಲಿದ್ದ ಅರಗು ಒಣಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ ಕಿತ್ತು, ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ಈಗ ಅಗೆದ ಕೂಡಲೇ ತೇವ ಕಾಯುವ ದ್ರಾವಣ ಹಚ್ಚುತ್ತಾರೆ. ದೊಡ್ಡ ಸಮಾಧಿಯನ್ನು ಇನ್ನೂ ತೆರೆಯದಿರುವುದಕ್ಕೆ ಇದೊಂದು ಮುಖ್ಯ ಕಾರಣ, ಮತ್ತು ಅದು ಸರಿಯಾದ ತೀರ್ಮಾನ. ಒಳಗೆ ಪಾದರಸದ ನದಿಗಳಿವೆ ಎಂದು ಸಮಾಧಿಯಾದ ನೂರು ವರ್ಷಗಳ ನಂತರ ಇತಿಹಾಸಕಾರ ಸಿಮಾ ಚಿಯನ್ ಬರೆದ. ದಿಬ್ಬದ ಮಣ್ಣು ಪರೀಕ್ಷೆ ಮಾಡಿದಾಗ ಪಾದರಸದ ಅಂಶ ಸುತ್ತಲಿಗಿಂತ ಬಹಳ ಹೆಚ್ಚಿತ್ತು.

ಮಧ್ಯಾಹ್ನ ಉಚಿತ ಶಟಲ್ ಬಸ್ಸಿನಲ್ಲಿ ಲಿಶಾನ್ ಉದ್ಯಾನಕ್ಕೆ. ಕಂಚಿನ ಎರಡು ರಥಗಳು 2021ರಿಂದ ಇಲ್ಲಿನ ಹೊಸ ಕಟ್ಟಡದಲ್ಲಿವೆ. ನಿಜವಾದ ರಥದ ಅರ್ಧ ಗಾತ್ರ. ಮುಚ್ಚುಗೆಯಿರುವ ಎರಡನೆಯದರಲ್ಲಿ 3,462 ಭಾಗಗಳು, ತೂಕ 1,241 ಕಿಲೋ. ಅದರ ಕಿಟಕಿ ಸರಿಯುವ ಬಗೆ ನೋಡಿದರೆ ಸಾಮ್ರಾಟನ ಕೊನೆಯ ಪ್ರಯಾಣ ನೆನಪಾಗದಿರದು. ಕ್ರಿ.ಪೂ. 210ರಲ್ಲಿ ಪ್ರವಾಸದಲ್ಲಿದ್ದಾಗಲೇ ಅವನು ಸತ್ತ. ಮಂತ್ರಿ ಲಿ ಸಿ ಮತ್ತು ನಪುಂಸಕ ಅಧಿಕಾರಿ ಝಾವ್ ಗಾವ್ ಇಂಥ ಮುಚ್ಚಿದ ಗಾಡಿಯಲ್ಲೇ ಹೆಣ ಇಟ್ಟು, ವಾಸನೆ ತಿಳಿಯದಂತೆ ಉಪ್ಪುಮೀನಿನ ಗಾಡಿ ಜೊತೆ ಮಾಡಿ, ರಾಜಧಾನಿಗೆ ತಂದರು. ದಾರಿಯಲ್ಲೇ ಸುಳ್ಳು ಆಜ್ಞೆ ಬರೆದು ಹಿರಿಯ ಮಗ ಫೂಸು ಆತ್ಮಹತ್ಯೆ ಮಾಡಿಕೊಳ್ಳುವಂತೆ ಮಾಡಿದರು. ಐವತ್ತು ಮಂದಿ ಸೈನಿಕರಿಗೂ ಹುಲಿಯ ಎರಡರ್ಧ ಕೂಡಿಸಬೇಕೆಂದ ರಾಜ್ಯದಲ್ಲಿ, ಸಿಂಹಾಸನ ಯಾರಿಗೆ ಎಂಬುದಕ್ಕೆ ಅಂಥ ಯಾವ ತಾಳೆಯೂ ಇರಲಿಲ್ಲ. ನಾಲ್ಕೇ ವರ್ಷದಲ್ಲಿ ವಂಶ ಮುಗಿಯಿತು.

ಮೂರನೆಯ ದಿನ: ಹಾನ್

ಯಾಂಗ್‌ಲಿಂಗ್ ಇರುವುದು ಶಿಯಾನ್ ವಿಮಾನ ನಿಲ್ದಾಣದ ದಿಕ್ಕಿನಲ್ಲಿ. ಜನ ಕಡಿಮೆ, ಅರ್ಧ ದಿನ ಸಾಕು. ಹಾನ್ ದೊರೆ ಜಿಂಗ್‌ನ (ಕ್ರಿ.ಪೂ. 157–141) ಸಮಾಧಿ ಇದು. ನಮ್ಮ ಮಟ್ಟಿಗೆ ಶಿಯಾನ್ ಸುತ್ತಲಿನ ಅತ್ಯುತ್ತಮ ನೆಲದಡಿಯ ಮ್ಯೂಸಿಯಂ. 2006ರಲ್ಲಿ ತೆರೆದದ್ದು. ಚಪ್ಪಲಿಗೆ ಚೀಲ ತೊಡಿಸಿ ಕತ್ತಲೆಯೊಳಗೆ ಇಳಿಸುತ್ತಾರೆ. ಕಾಲಡಿ ಗಾಜು, ಗಾಜಿನಡಿ ಅಗೆದ ಗುಂಡಿ. ಎತ್ತರದ ಭಯವಿದ್ದವರು ಅಂಚಿನಲ್ಲಿ ನಡೆಯಿರಿ. ಕ್ಯಾಮೆರಾದ ಫ್ಲ್ಯಾಶ್ ಗಾಜಿಗೆ ಹೊಡೆದು ಫೋಟೋ ಕೆಡುತ್ತದೆ, ಆರಿಸಿಡಿ.

ನಿನ್ನೆಯ ಆಳೆತ್ತರದ ಸೈನಿಕರನ್ನು ನೋಡಿ ಬಂದ ಕಣ್ಣಿಗೆ ಇಲ್ಲಿನ ಬೊಂಬೆಗಳು ಮೊಣಕಾಲಿನ ಎತ್ತರ, ಸುಮಾರು 60 ಸೆಂಟಿಮೀಟರ್. ಬಟ್ಟೆಯಿಲ್ಲ, ಕೈಯಿಲ್ಲ. ಭುಜದಲ್ಲಿ ದುಂಡನೆಯ ತೂತು ಕಾಣುತ್ತದಲ್ಲ, ಅಲ್ಲಿ ಮರದ ಕೈ ಸಿಕ್ಕಿಸಿದ್ದರು. ಮೈಮೇಲೆ ನಿಜವಾದ ಬಟ್ಟೆ ಉಡಿಸಿದ್ದರು. ಮರ, ಬಟ್ಟೆ ಎರಡೂ ಕರಗಿಹೋಗಿವೆ. ಪಕ್ಕದ ಗುಂಡಿಗಳಲ್ಲಿ ಹಂದಿ, ನಾಯಿ, ಆಡು, ಕುರಿ, ಹಸು, ಕೋಳಿ ಸಾಲುಸಾಲಾಗಿವೆ. ಇದನ್ನು ‘ದೊರೆ ಮಿತವ್ಯಯಿ, ಅದಕ್ಕೇ ಚಿಕ್ಕ ಬೊಂಬೆ’ ಎಂದು ಗೈಡುಗಳು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಸತ್ಯ. ದಿಬ್ಬದ ಸುತ್ತ ಕಿರಣಗಳಂತೆ 81 ಗುಂಡಿಗಳಿವೆ. ಕೆಲವುಗಳಲ್ಲಿ ಕಚೇರಿ ಮುದ್ರೆಗಳು ಸಿಕ್ಕಿವೆ: ರಾಜಬಂಧುಗಳ ಲೆಕ್ಕ ಇಡುವ ಇಲಾಖೆಯದು, ಅರಮನೆಯ ಅಡುಗೆ ಇಲಾಖೆಯದು. ಅಂದರೆ ಜಿಂಗ್ ತನ್ನೊಡನೆ ಮಣ್ಣಿನಡಿ ಒಯ್ದದ್ದು ಇಡೀ ಸರ್ಕಾರವನ್ನು. ಕ್ರಿ.ಪೂ. 154ರಲ್ಲಿ ಏಳು ಸಾಮಂತ ರಾಜರು, ಎಲ್ಲ ಅವನ ನೆಂಟರೇ, ಒಟ್ಟಿಗೆ ದಂಗೆ ಎದ್ದಿದ್ದರು. ದಂಗೆ ಅಡಗಿಸಿ ಅವರ ಅಧಿಕಾರ ಕಿತ್ತು ರಾಜಧಾನಿಯ ಇಲಾಖೆಗಳಿಗೆ ಕೊಟ್ಟವನ ಸಮಾಧಿಯಲ್ಲಿ ಇಲಾಖೆಗಳೇ ತುಂಬಿರುವುದು ಸಹಜ.

ಮಿತವ್ಯಯದ ಮಾತಿಗೆ ಇನ್ನೊಂದು ಉತ್ತರವೂ ಇದೆ. 1972ರಲ್ಲಿ ಇಲ್ಲಿಗೆ ಹತ್ತಿರದಲ್ಲೇ ಸಮಾಧಿ ಕಟ್ಟಿದ ಕೈದಿಗಳ ಸ್ಮಶಾನ ಸಿಕ್ಕಿತು. ಕತ್ತಿಗೆ, ಕಾಲಿಗೆ ಕಬ್ಬಿಣದ ಬಳೆ ಹಾಕಿದಂತೆಯೇ ಹೂತ ಅಸ್ಥಿಪಂಜರಗಳು ಅಲ್ಲಿದ್ದವು. ದಯಾಳು ದೊರೆ ಎಂದು ಇತಿಹಾಸ ಹೊಗಳುವವನ ಲೆಕ್ಕಪುಸ್ತಕದಲ್ಲಿ ಆ ಕಬ್ಬಿಣವನ್ನೂ ಬರೆದುಕೊಳ್ಳಬೇಕು.

ಜಿಂಗ್‌ನ ತಂದೆ ವೆನ್ ದೊರೆಯ ಸಮಾಧಿ ಬಾಲಿಂಗ್. ಅದು ನದಿಯ ದಕ್ಷಿಣಕ್ಕೆ ಒಂದು ಗುಡ್ಡದಡಿ ಇದೆ ಎಂದು ಶತಮಾನಗಳಿಂದ ನಂಬಿದ್ದರು. ಗುಡ್ಡದ ಮುಂದೆ ಹಳೆಯ ಶಿಲಾಫಲಕಗಳೂ ಇವೆ. 2021ರ ಡಿಸೆಂಬರ್‌ನಲ್ಲಿ ಪುರಾತತ್ವ ಇಲಾಖೆ ಪ್ರಕಟಿಸಿದ್ದು ಬೇರೆ: ನಿಜವಾದ ಬಾಲಿಂಗ್ ಪಕ್ಕದ ಜಿಯಾಂಗ್‌ಚುನ್ ಹಳ್ಳಿಯ ಹೊಲಗಳ ಅಡಿ ಇದೆ, ಮೇಲೆ ದಿಬ್ಬವೇ ಇಲ್ಲ. 18ನೇ ಶತಮಾನದಲ್ಲಿ ಬಿ ಯುವಾನ್ ಎಂಬ ಪ್ರಾಂತಾಧಿಕಾರಿ ಇಲ್ಲಿನ ಹಲವು ದಿಬ್ಬಗಳ ಮುಂದೆ ಕಲ್ಲು ನೆಡಿಸಿದ. ಒಳ್ಳೆಯ ಕೆಲಸವೇ, ಆದರೆ ಕೆಲವು ತಪ್ಪಾಗಿವೆ. ದಿಬ್ಬದ ಮುಂದಿನ ಕಲ್ಲು ಹೇಳಿತೆಂದು ಯಾರದೆಂದು ನಿರ್ಧರಿಸಬೇಡಿ.

ನಾಲ್ಕನೆಯ ದಿನ: ವೂ ಎಂಬ ಇಬ್ಬರು

ಪಶ್ಚಿಮದ ದಾರಿ. ಇಡೀ ದಿನಕ್ಕೆ ಕಾರು ಗೊತ್ತು ಮಾಡಿ, ಎರಡೇ ಜಾಗ ಹೇಳಿ: ಮಾವ್‌ಲಿಂಗ್, ಚಿಯನ್‌ಲಿಂಗ್. ಟೂರ್‌ನವರು ಫಾಮೆನ್ ದೇವಾಲಯವನ್ನೂ ಇದೇ ದಿನ ತುರುಕುತ್ತಾರೆ. ಹಾಗೆ ಮಾಡಿದರೆ ಮೂರೂ ಕೆಡುತ್ತವೆ.

ಮಾವ್‌ಲಿಂಗ್ ಹಾನ್ ದೊರೆ ವೂನದು (ಕ್ರಿ.ಪೂ. 141–87). 54 ವರ್ಷ ಆಳಿದ, ಸಮಾಧಿಯ ಕೆಲಸ ಬಹುತೇಕ ಅಷ್ಟೂ ಕಾಲ ನಡೆಯಿತು. ದಿಬ್ಬ 46 ಮೀಟರ್ ಎತ್ತರ, ನೋಡಲು ಬೇರೇನಿಲ್ಲ. ಅಸಲು ಇರುವುದು ಒಂದು ಕಿಲೋಮೀಟರ್ ಆಚೆ, ದಂಡನಾಯಕ ಹುವೊ ಚುಬಿಂಗ್ ಸಮಾಧಿಯ ಬಳಿ. ಶಿಯೊಂಗ್‌ನು ಅಲೆಮಾರಿಗಳನ್ನು ಸೋಲಿಸಿ ಕ್ರಿ.ಪೂ. 117ರಲ್ಲಿ ಇಪ್ಪತ್ತರ ಹರೆಯದಲ್ಲೇ ಸತ್ತವನು. ಶತ್ರುವನ್ನು ಕಾಲಡಿ ಹಾಕಿಕೊಂಡ ಕುದುರೆಯ ಕಲ್ಲು 1.68 ಮೀಟರ್. ಬಂಡೆಯ ಆಕಾರ ಕೆಡಿಸದೆ ಬೇಕಾದಷ್ಟೇ ಕೆತ್ತಿದ್ದಾರೆ, ಹೊಟ್ಟೆಯಡಿಯ ಕಲ್ಲನ್ನು ಹಾಗೇ ಬಿಟ್ಟಿದ್ದಾರೆ.

ಚಿಯನ್‌ಲಿಂಗ್ ಶಿಯಾನ್ ನಗರದಿಂದ ವಾಯವ್ಯಕ್ಕೆ 80 ಕಿಲೋಮೀಟರ್ (18ನೇ ಶತಮಾನದ ಚಿಯನ್‌ಲೋಂಗ್‌ಗೂ ಇದಕ್ಕೂ ಸಂಬಂಧವಿಲ್ಲ). ತಾಂಗ್‌ನ 18 ಸಮಾಧಿಗಳಲ್ಲಿ 14 ಬೆಟ್ಟದೊಳಗೇ ಕೊರೆದವು. ಮಣ್ಣು ಸುರಿದು ದಿಬ್ಬ ಮಾಡುವ ಬದಲು ಬೆಟ್ಟವನ್ನೇ ದಿಬ್ಬವಾಗಿಸಿಕೊಂಡರು. ಈ ಬೆಟ್ಟದಲ್ಲಿ ಇಬ್ಬರು ಸಾಮ್ರಾಟರಿದ್ದಾರೆ: 683ರಲ್ಲಿ ತೀರಿಕೊಂಡ ಗಾವ್‌ಜೋಂಗ್, ಅವನ ಪತ್ನಿ ವೂ ಜೆತ್ಯನ್. ಆಕೆ 690ರಲ್ಲಿ ಝೋವ್ ಎಂಬ ಹೊಸ ವಂಶವನ್ನೇ ಸಾರಿ 705ರವರೆಗೆ ತಾನೇ ಸಾಮ್ರಾಟಳಾಗಿ ಆಳಿದಳು. ಚೀನಾದ ಇತಿಹಾಸದಲ್ಲಿ ಆ ಪದವಿಯನ್ನು ತನ್ನ ಹೆಸರಿನಲ್ಲಿ ಹೊತ್ತು ಆಳಿದ ಹೆಣ್ಣು ಆಕೆಯೊಬ್ಬಳೇ.

ಮೇಲೇರುವ ದಾರಿಯಲ್ಲಿ ನೆರಳಿಲ್ಲ, ಟೋಪಿ ನೀರು ಇರಲಿ. ಕೊನೆಯಲ್ಲಿ ಎದುರುಬದುರು ಎರಡು ಕಲ್ಲು. ಗಂಡನದರ ಮೇಲೆ ವೂ ಬರೆಸಿದ ಹೊಗಳಿಕೆ. ಎದುರಿನದು 7 ಮೀಟರ್ ದಾಟಿದ ಒಂದೇ ಬಂಡೆ, ಆಕೆಯ ‘ಅಕ್ಷರವಿಲ್ಲದ ಕಲ್ಲು’. ವಿನಯಕ್ಕೆ ಖಾಲಿ ಬಿಟ್ಟಳು, ಗರ್ವಕ್ಕೆ ಬಿಟ್ಟಳು ಎಂದು ನೂರು ಕಥೆ. ಕಥೆ ಕೇಳುವ ಮೊದಲು ಕಲ್ಲಿನ ಹತ್ತಿರ ಹೋಗಿ, ಓರೆ ಬಿಸಿಲಿನಲ್ಲಿ ನೋಡಿ. ಮುಖದ ತುಂಬ ಸಣ್ಣ ಚೌಕಗಳನ್ನು ಗೀರಿದ್ದಾರೆ, ಮೂರು ಸಾವಿರಕ್ಕೂ ಹೆಚ್ಚು. ಅಕ್ಷರ ಕೂರಿಸಲೆಂದೇ ಹಾಕಿದ ಗೆರೆಗಳು. ಬರಹ ಸಿದ್ಧವಾಗುತ್ತಿತ್ತು, ಕೆತ್ತುವ ಹೊತ್ತಿಗೆ ಅಧಿಕಾರ ಆಕೆಯ ಮಗನ ಕೈಗೆ, ತಾಂಗ್ ವಂಶಕ್ಕೆ ಮರಳಿತ್ತು. ಏನು ಬರೆಯಬೇಕೆಂದು ತೋಚದೆ ನಿಂತಿತು ಎಂಬ ವಿವರಣೆಯೇ ನಮಗೆ ಒಪ್ಪುತ್ತದೆ. ಈಗ ಅದು ಖಾಲಿಯೂ ಅಲ್ಲ. ಸೋಂಗ್ ಕಾಲದಿಂದ ಬಂದವರು ಬರೆದು ಹೋಗಿದ್ದಾರೆ. 1134ರ ಒಂದು ಬರಹ ಖಿತಾನ್ ಲಿಪಿಯಲ್ಲಿದೆ, ಪಕ್ಕದಲ್ಲೇ ಚೀನೀ ಅನುವಾದವಿದೆ. ಸತ್ತುಹೋದ ಆ ಲಿಪಿಯನ್ನು ಬಿಡಿಸಲು ಹೊರಟವರಿಗೆ ಅದೊಂದು ಊರುಗೋಲು.

ಆಚೆ 61 ವಿದೇಶಿ ದೂತರ ಪ್ರತಿಮೆಗಳು ಕೈಜೋಡಿಸಿ ನಿಂತಿವೆ, ಬಹುತೇಕ ಎಲ್ಲಕ್ಕೂ ತಲೆಗಳಿಲ್ಲ. ಹೊರಡುವ ಮುನ್ನ ಕಾರಿನಲ್ಲಿ ರಾಜಕುಮಾರಿ ಯೊಂಗ್‌ತಾಯ್ ಸಮಾಧಿಗೆ ಹೋಗಿ, ಒಳಗೆ ಇಳಿಯಬಹುದು. ಆಕೆ ವೂಳ ಮೊಮ್ಮಗಳು, 701ರಲ್ಲಿ 17ನೇ ವಯಸ್ಸಿಗೆ ತೀರಿಕೊಂಡವಳು. ಅಜ್ಜಿಯೇ ಕೊಲ್ಲಿಸಿದಳು ಎನ್ನುತ್ತವೆ ಅಧಿಕೃತ ಇತಿಹಾಸಗಳು. ಸಮಾಧಿಯಲ್ಲಿ ಸಿಕ್ಕ ಕಲ್ಬರಹ ಬಸಿರಿಗೆ ಸಂಬಂಧಿಸಿದ ಸಾವಿನ ಸೂಚನೆ ಕೊಡುತ್ತದೆ. ಗೋಡೆಯ ಚಿತ್ರಗಳು ನಕಲು, ಮೂಲ ಮೊದಲ ದಿನದ ಮ್ಯೂಸಿಯಂನ ಸಂಗ್ರಹದಲ್ಲಿವೆ. ತಾಂಗ್ ಭಿತ್ತಿಚಿತ್ರಗಳ ಕೋಣೆಗೆ ಬೇರೆ ಟಿಕೆಟ್, ದುಬಾರಿ, ಆದರೂ ಕೊಳ್ಳಿ.

ಐದನೆಯ ದಿನ: ತಾಂಗ್, ಪುಲಕೇಶಿ, ಮತ್ತು ತೇಲಿಹೋದ ಊರು

ಬೆಳಿಗ್ಗೆ ಬೇಯ್‌ಲಿನ್, ಅಂದರೆ ಕಲ್ಬರಹಗಳ ಕಾಡು. 1087ರಿಂದ ಕಲ್ಲುಗಳನ್ನು ಇಲ್ಲಿ ಕೂಡಿಡುತ್ತಿದ್ದಾರೆ. ನೇರ ತಾಯ್‌ಜೋಂಗ್‌ನ ಆರು ಕುದುರೆಗಳ ಬಳಿ ಹೋಗಿ. 626ರಲ್ಲಿ ಅರಮನೆಯ ಬಾಗಿಲಲ್ಲಿ ಅಣ್ಣ ತಮ್ಮ ಇಬ್ಬರನ್ನೂ ಕೊಂದು ಪಟ್ಟಕ್ಕೆ ಬಂದ ದೊರೆ, ಯುದ್ಧಗಳಲ್ಲಿ ತನ್ನನ್ನು ಹೊತ್ತ ಕುದುರೆಗಳನ್ನು ಸಮಾಧಿಗೆಂದು ಕೆತ್ತಿಸಿದ. ಮೂಲ ನಾಲ್ಕೇ, ಉಳಿದೆರಡು ನಕಲು. ಅವುಗಳ ಮೂಲ ಅಮೆರಿಕದ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನಲ್ಲಿವೆ. ನಾಲ್ಕರ ಮೇಲಿನ ಒಡಕುಗಳು ಅವನ್ನೂ ಸಾಗಿಸಲು ತುಂಡು ಮಾಡಿದ ಗುರುತು.

ಅಲ್ಲಿಂದ ದೊಡ್ಡ ಕಾಡುಬಾತಿನ ಗೋಪುರ. ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳಿಗಾಗಿ 652ರಲ್ಲಿ ಎದ್ದದ್ದು. ಈಗ ಏಳು ಅಂತಸ್ತು, 64.5 ಮೀಟರ್. ಕನ್ನಡಿಗರಿಗೆ ಇಲ್ಲಿ ನಿಲ್ಲಲು ಕಾರಣವಿದೆ. ಅವನು ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿ ಓಡಾಡಿದ್ದ. ಹರ್ಷನಿಗೂ ಈ ದೊರೆಯನ್ನು ಮಣಿಸಲಾಗಲಿಲ್ಲ ಎಂದು ಬರೆದ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹರ್ಷನ ಹರ್ಷ ಅಡಗಿತೆಂದು ಶ್ಲೇಷೆ ಮಾಡಿ ಹೊಗಳಿದ ಸಂಗತಿಗೆ, ಆಸ್ಥಾನದ ಹಂಗಿಲ್ಲದ ಪರದೇಶದವನ ಸಾಕ್ಷಿ ಅದು. ಆ ಬರಹ ಹುಟ್ಟಿದ್ದು ತಾಯ್‌ಜೋಂಗ್‌ನ ಅಪ್ಪಣೆಯಿಂದ. ಪಶ್ಚಿಮದ ದೇಶಗಳ ವಿವರ ಸಾಮ್ರಾಟನಿಗೆ ಬೇಕಿತ್ತು, 646ರಲ್ಲಿ ಸಲ್ಲಿಸಲಾಯಿತು. ಬಾದಾಮಿಯ ದೊರೆಯ ಹೆಸರು ಛಾಂಗಾನ್ (ಶಿಯಾನ್‌ನ ಅಂದಿನ ಹೆಸರು) ಅರಮನೆ ತಲುಪಿದ್ದು ಹೀಗೆ. ಗೋಪುರದ ದಕ್ಷಿಣ ಬಾಗಿಲಿನ ಎರಡು ಬದಿಯಲ್ಲಿ ತಾಯ್‌ಜೋಂಗ್ ಮತ್ತು ಗಾವ್‌ಜೋಂಗ್ ಬರೆದುಕೊಟ್ಟ ಮುನ್ನುಡಿಗಳ ಕಲ್ಲುಗಳಿವೆ, 653ರವು. ಜಾಲರಿಯ ಹಿಂದಿವೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾಯಬೇಕು.

ಸಂಜೆ ದಾಮಿಂಗ್ ಅರಮನೆಯ ಬಯಲು, 3.2 ಚದರ ಕಿಲೋಮೀಟರ್. ಹೆಚ್ಚಿನದೆಲ್ಲ ಅಡಿಪಾಯ ಮಾತ್ರ, ಕಟ್ಟಡ ನೋಡಲು ಬಂದವರಿಗೆ ನಿರಾಶೆಯಾಗುತ್ತದೆ. ದಕ್ಷಿಣದ ಬಾಗಿಲಿನಿಂದ ಹಾನ್ಯುವಾನ್ ಸಭಾಂಗಣದ ಜಗತಿಯವರೆಗೆ ನಡೆದು, ಅದನ್ನು ಹತ್ತಿ ದಕ್ಷಿಣಕ್ಕೆ ತಿರುಗಿ ನಿಂತರೆ ಸಾಕು. ಎದುರಿಗಿದ್ದದ್ದು 84 ಚದರ ಕಿಲೋಮೀಟರಿನ ಛಾಂಗಾನ್ ನಗರ. 904ರಲ್ಲಿ ಸೇನಾನಿ ಝು ವೆನ್ ಸಾಮ್ರಾಟನನ್ನು ಬಲವಂತದಿಂದ ಲುವೋಯಾಂಗ್‌ಗೆ ಎಬ್ಬಿಸಿದ. ಅರಮನೆಗಳನ್ನೂ ಜನರ ಮನೆಗಳನ್ನೂ ಬಿಚ್ಚಿಸಿ ತೊಲೆ ಕಂಬಗಳನ್ನು ವೇಯ್ ನದಿಯಲ್ಲಿ ತೇಲಿಬಿಟ್ಟ. ಮೂರು ವರ್ಷಕ್ಕೆ ತಾಂಗ್ ಕೊನೆಗೊಂಡಿತು. ಉಳಿದ ಊರಿನಲ್ಲಿ ಹಳೆಯ ಸರ್ಕಾರಿ ಕಚೇರಿಗಳ ಆವರಣಕ್ಕಷ್ಟೇ ಮತ್ತೆ ಗೋಡೆ ಎತ್ತಿದರು. 1370ರ ದಶಕದಲ್ಲಿ ಮಿಂಗ್ ವಂಶದವರು ಅದನ್ನೇ ಪೂರ್ವಕ್ಕೂ ಉತ್ತರಕ್ಕೂ ಹಿಗ್ಗಿಸಿ ಕಟ್ಟಿದ 13.74 ಕಿಲೋಮೀಟರಿನ ಕೋಟೆ ಇಂದಿನದು. ಅದರ ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ಕೊನೆಯ ಸಂಜೆ ದಕ್ಷಿಣ ಬಾಗಿಲಿನಿಂದ ಹತ್ತಿ ಪಶ್ಚಿಮಕ್ಕೆ ತುಳಿಯಿರಿ, ಆ ಎರಡು ಬದಿಯ ಗೋಡೆ ತಾಂಗ್ ಕಾಲದ ಸಾಲಿನ ಮೇಲೆಯೇ ನಿಂತಿದೆ.